ಏಟು ಬೀಳುವ ಮುಂಚೆ

ಬ್ಯಾಡಗಿಯಲ್ಲಿ ಮಕ್ಕಳ ಕಥಾ ಕಮ್ಮಟ ಮುಗಿಸಿ ಹಾವೇರಿ ಬಸ್ಸಿಗೆ ಹೊರಟಿದ್ದೆ. ಶಾಲೆಯ ಗೇಟಿನ ಹತ್ತಿರ ಒಬ್ಬ ತಾಯಿ ಕಾದು ನಿಂತಿದ್ದರು. ಕೈಯಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕು. ಹೊದಿಕೆ ಹರಿದಿತ್ತು.

"ಸರ, ಒಂದೀಟು ಇದನ್ನ ನೋಡ್ರಿ. ನಮ್ಮ ಹುಡುಗ ಒಂಬತ್ತನೇ ಇಯತ್ತೆ ಓದಾಕತ್ತಾನ. ಕಥಿ ಬರೀತಾನ, ಬ್ಯಾಡ ಅನ್ನಂಗಿಲ್ಲ. ಆದ್ರ ಬರೇ ಹೊಡದಾಟಾನ ಬರೀತಾನ್ರಿ. ಇದನ್ನ ಬಿಡಸೂದು ಹ್ಯಾಂಗ್ರಿ?"

ಬಸ್ಸಿನಲ್ಲಿ ಕುಳಿತು ನೋಟುಬುಕ್ಕು ತೆರೆದೆ. ಹನ್ನೊಂದು ಕಥೆಗಳಿದ್ದವು. ಹನ್ನೊಂದರಲ್ಲೂ ಹೊಡೆದಾಟ. ಕಥೆ ಶುರುವಾಗಿ ಮೊದಲ ಏಟು ಬೀಳುವವರೆಗೆ ಅತಿ ಹೆಚ್ಚೆಂದರೆ ನಾಲ್ಕು ಸಾಲು. ಆಮೇಲೆ ಒಂದೂವರೆ ಪುಟ ಗುದ್ದು, ಒದೆ, ರಕ್ತ. ಮೋಟೆಬೆನ್ನೂರು ದಾಟುವಷ್ಟರಲ್ಲಿ ನನಗೆ ಆಕಳಿಕೆ ಬಂತು. ಇಷ್ಟೊಂದು ಜನ ಬಡಿದಾಡುತ್ತಿದ್ದರೂ ಓದುವವನಿಗೆ ನಿದ್ದೆ ಬರುವುದೆಂದರೇನು? ಅಂದು ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈ ವಾರ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ವಿದ್ಯಾರ್ಥಿಗಳು ಓದಲಿ, ಪಾಲಕರೂ ಓದಲಿ.

ಹುಡುಗರನ್ನು ಕೇಳಿದರೆ, "ಯಾರು ಗೆಲ್ಲತಾರ ಅಂತ ಗೊತ್ತಾಗಬಾರದು ಸರ್, ಅದೇ ಸಸ್ಪೆನ್ಸ್" ಎನ್ನುತ್ತಾರೆ. ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೆ ನಮ್ಮ ಸೀಮೆಯ ದೊಡ್ಡಾಟವನ್ನು ನೆನಪಿಸಿಕೊಳ್ಳಿ. ರಾತ್ರಿ ಊಟ ಮುಗಿದ ಮೇಲೆ ಮದ್ದಳೆಯ ಸದ್ದು ಶುರುವಾಗುತ್ತದೆ. ಭುಜಕೀರ್ತಿ, ಕಿರೀಟ ಕಟ್ಟಿಕೊಂಡ ಪಾತ್ರಧಾರಿ ಅಟ್ಟದ ಹಲಗೆ ಅದುರುವಂತೆ ಹೆಜ್ಜೆ ಹಾಕುತ್ತ ಬರುತ್ತಾನೆ. ನೀವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಸಾರಥಿ ವಿಚಾರಿಸುತ್ತಾನೆ. ಕೆಳಗೆ ಕಂಬಳಿ ಹೊದ್ದು ಕುಳಿತ ಅಜ್ಜನಿಗೆ ಅವನು ಯಾರೆಂದು ಗೊತ್ತು. ಕೊನೆಗೆ ಯಾರು ಸಾಯುತ್ತಾರೆ ಎಂಬುದೂ ಗೊತ್ತು. ಐವತ್ತು ವರ್ಷ ಅದೇ ಪ್ರಸಂಗ ನೋಡಿದ್ದಾನೆ. ಆದರೂ ಬೆಳಗಿನ ಜಾವದ ಕಾಳಗದವರೆಗೆ ಅಜ್ಜ ಎದ್ದು ಹೋಗುವುದಿಲ್ಲ.

ಅಂದಮೇಲೆ ಕೊನೆ ಗೊತ್ತಿಲ್ಲದಿರುವುದಷ್ಟೇ ಕುತೂಹಲವಲ್ಲ. ಗೊತ್ತಿರುವ ಕೊನೆಗಾಗಿಯೂ ಮನುಷ್ಯ ಉಸಿರು ಬಿಗಿಹಿಡಿದು ಕಾಯುತ್ತಾನೆ. ನಮ್ಮದೇ ಜಿಲ್ಲೆಯ ಗಳಗನಾಥರು (1869–1942) 'ಮಾಧವ ಕರುಣಾವಿಲಾಸ'ದಲ್ಲಿ ವಿಜಯನಗರದ ಸ್ಥಾಪನೆಯ ಕಥೆ ಹೇಳಿದರು. ವಿಜಯನಗರ ಸ್ಥಾಪನೆಯಾಯಿತೆಂದು ತಿಳಿಯದವರು ಯಾರಿದ್ದರು? ಆದರೂ ಜನ ಓದಿದರು. ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ ಆ ಹಿರಿಯರು ಉತ್ತರ ಕರ್ನಾಟಕದ ಮನೆಮನೆಗೆ ಕಾದಂಬರಿ ಓದುವ ರೂಢಿ ತಂದರು.

ಹಾಗಾದರೆ ಓದುಗ ಕಾಯುವುದು ಯಾತಕ್ಕಾಗಿ? ನನ್ನ ಅನುಭವದ ಪ್ರಕಾರ ಎರಡು ಪ್ರಶ್ನೆಗಳಿಗಾಗಿ. ಈ ಜಗಳ ತಪ್ಪಬಹುದಿತ್ತೇ? ತಪ್ಪದಿದ್ದರೆ ಏನು ಕಳೆದುಹೋಗುತ್ತದೆ? ಈ ಎರಡನ್ನೂ ಓದುಗನ ಮನಸ್ಸಿನಲ್ಲಿ ನೆಟ್ಟ ಮೇಲೆಯೇ ಕೈ ಎತ್ತಬೇಕು. ಅದಕ್ಕೂ ಮುಂಚೆ ಎತ್ತಿದ ಕೈ ಬರೀ ಕವಾಯತು.

ಇದರಲ್ಲಿ ನಮಗೆ ದೊಡ್ಡ ಗುರು ಮುಧೋಳದ ರನ್ನ. ಹತ್ತನೆಯ ಶತಮಾನದ ಈ ಕವಿಯ ಕಾವ್ಯದ ಹೆಸರೇ 'ಗದಾಯುದ್ಧ'. ಹೆಸರು ಕೇಳಿದವರು ಮೊದಲ ಪುಟದಿಂದಲೇ ಗದೆಗೆ ಗದೆ ತಾಗುತ್ತದೆ ಎಂದುಕೊಳ್ಳಬೇಕು. ಆದರೆ ಹತ್ತು ಆಶ್ವಾಸಗಳ ಕಾವ್ಯದಲ್ಲಿ ಭೀಮ–ದುರ್ಯೋಧನರ ಗದೆಗಳು ತಾಗುವುದು ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ರನ್ನ ಏನು ಮಾಡುತ್ತಾನೆ?

ದುರ್ಯೋಧನನನ್ನು ನಡೆಸುತ್ತಾನೆ. ಸಂಜಯನ ಜೊತೆ, ಹೆಣಗಳ ನಡುವೆ. ದ್ರೋಣ ಬಿದ್ದಿದ್ದಾನೆ, ತಮ್ಮ ದುಶ್ಶಾಸನ ಬಿದ್ದಿದ್ದಾನೆ, ಮಗ ಬಿದ್ದಿದ್ದಾನೆ, ಗೆಳೆಯ ಕರ್ಣ ಬಿದ್ದಿದ್ದಾನೆ. ವೈರಿಯ ಮಗ ಅಭಿಮನ್ಯುವಿನ ಎದುರೂ ಅವನು ನಿಲ್ಲುತ್ತಾನೆ, ಆ ಹುಡುಗನ ಶೌರ್ಯವನ್ನು ಮೆಚ್ಚುತ್ತಾನೆ. ಏನು ಕಳೆದುಹೋಯಿತು ಎಂಬ ಲೆಕ್ಕವನ್ನು ರನ್ನ ಹೀಗೆ ಒಂದೊಂದಾಗಿ ಕೊಡುತ್ತಾನೆ. ಇನ್ನೊಂದು ಕಡೆ ತಪ್ಪಿಸಿಕೊಳ್ಳುವ ದಾರಿಗಳನ್ನೂ ತೋರಿಸುತ್ತಾನೆ. ತಂದೆ–ತಾಯಿ ಬಂದು ಸಂಧಿ ಮಾಡಿಕೋ ಎನ್ನುತ್ತಾರೆ, ಒಪ್ಪುವುದಿಲ್ಲ. ಶರಶಯ್ಯೆಯ ಮೇಲಿನ ಭೀಷ್ಮ ಹೇಳುತ್ತಾನೆ, ಒಪ್ಪುವುದಿಲ್ಲ. ಒಂದೊಂದು ಬಾಗಿಲು ಮುಚ್ಚಿದಾಗಲೂ ನಮ್ಮ ಎದೆ ಬಿಗಿಯುತ್ತದೆ. ಬಾಗಿಲು ಮುಚ್ಚುವವನು ವಿಧಿಯಲ್ಲ, ವೈರಿಯಲ್ಲ. ಅವನೇ.

ಕೊನೆಗೆ ಉಳಿಯುವುದು ವೈಶಂಪಾಯನ ಸರೋವರ. ತಣ್ಣನೆಯ ನೀರಿನಲ್ಲಿ ಅಡಗಿ ಕುಳಿತಿದ್ದಾನೆ. ದಂಡೆಯ ಮೇಲೆ ಭೀಮ ಗರ್ಜಿಸುತ್ತಾನೆ. ನೀರಿನ ನಡುವೆ ಇದ್ದವನ ಮೈ ಸಿಟ್ಟಿಗೆ ಬೆವರುತ್ತದೆ. ಇನ್ನೂ ಒಂದು ಏಟೂ ಬಿದ್ದಿಲ್ಲ. ಆದರೆ ಓದುವವನು ಹಾಳೆ ತಿರುವುವುದನ್ನು ಮರೆತು ಕುಳಿತಿರುತ್ತಾನೆ. ಏಕೆಂದರೆ ಈ ಮನುಷ್ಯ ಹೊರಗೆ ಬಂದರೆ ಸಾಯುತ್ತಾನೆ, ಒಳಗೇ ಇದ್ದರೆ ತನ್ನ ಅಭಿಮಾನ ಸಾಯುತ್ತದೆ. ಅವನು ಏನನ್ನು ಆರಿಸುತ್ತಾನೆ ಎಂಬುದು ನಮಗೆ ಮೊದಲೇ ಗೊತ್ತು. ಆದರೂ ಬೇಡ, ಬರಬೇಡ ಎಂದು ಮನಸ್ಸು ಹೇಳುತ್ತಿರುತ್ತದೆ.

ಎರಡನೆಯ ಪಾಠ ಗದುಗಿನ ಕುಮಾರವ್ಯಾಸನದು. ವಿರಾಟಪರ್ವದ ಕೀಚಕ ವಧೆಯನ್ನು ನಿಮ್ಮ ಕನ್ನಡ ಮೇಷ್ಟ್ರು ಹೇಳಿಯೇ ಇರುತ್ತಾರೆ. ಅವಮಾನಗೊಂಡ ದ್ರೌಪದಿ ರಾತ್ರಿ ಅಡುಗೆಮನೆಗೆ ಬಂದು ಮಲಗಿದ್ದ ಭೀಮನನ್ನು ಎಬ್ಬಿಸಬೇಕು. ಜೋರಾಗಿ ಕರೆಯುವಂತಿಲ್ಲ; ಅಕ್ಕಪಕ್ಕದವರಿಗೆ ಎಚ್ಚರವಾದರೆ ಅಜ್ಞಾತವಾಸದ ಗುಟ್ಟು ಬಯಲಾಗುತ್ತದೆ. ಮೆಲ್ಲಗೆ ಎಬ್ಬಿಸುತ್ತಾಳೆ. ಆಮೇಲೆ ನಾಟ್ಯಶಾಲೆಯ ಕತ್ತಲು. ಕೀಚಕ ಸಿಂಗರಿಸಿಕೊಂಡು ಉಲ್ಲಾಸದಿಂದ ಬರುತ್ತಾನೆ. ಒಳಗೆ ಕಾದಿರುವುದು ಹೆಣ್ಣೆಂದು ಅವನು ತಿಳಿದಿದ್ದಾನೆ. ಭೀಮನೆಂದು ನಮಗೆ ಗೊತ್ತು. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುವುದರಿಂದಲೇ ಅವನ ಒಂದೊಂದು ಹೆಜ್ಜೆಯೂ ನಮ್ಮ ಎದೆಯ ಮೇಲೆ ಬೀಳುತ್ತದೆ. ಇದನ್ನೇ ಹುಡುಗರು ತಲೆಕೆಳಗು ಮಾಡುತ್ತಾರೆ. ಎಲ್ಲವನ್ನೂ ಓದುಗನಿಂದ ಮುಚ್ಚಿಟ್ಟು, ಕೊನೆಗೆ "ಅವನೇ ಭೀಮ!" ಎಂದು ಬೆಚ್ಚಿಬೀಳಿಸಲು ನೋಡುತ್ತಾರೆ. ಬೆಚ್ಚುವುದು ಒಂದು ಗಳಿಗೆ. ಕಾತರ ಮಾತ್ರ ಇಡೀ ರಾತ್ರಿ ಉಳಿಯುತ್ತದೆ.

ಇನ್ನು ಬರೆಯುವ ಬಗೆ. ದೀಪಾವಳಿ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ನಡೆಯುವ ಹೋರಿ ಹಬ್ಬ ಇದಕ್ಕೆ ಒಳ್ಳೆಯ ಶಾಲೆ. ಕೊಬ್ಬರಿ ಹಾರ, ಬಲೂನು, ರಿಬ್ಬನ್ನು ಕಟ್ಟಿದ ಹೋರಿಯನ್ನು ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹೋರಿ ನಿಮ್ಮ ಮುಂದೆ ಹಾಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೂ ಮುಂಚಿನ ಹೊತ್ತೇ ದೊಡ್ಡದು. ಮೊದಲು ದೂರದಲ್ಲಿ ಕೂಗು. ನಿಮ್ಮ ಪಕ್ಕದವನು ಹರಟೆ ನಿಲ್ಲಿಸುತ್ತಾನೆ. ತಂದೆಯೊಬ್ಬ ಮಗುವನ್ನು ಹೆಗಲಿಂದ ಇಳಿಸಿ ಹಿಂದಕ್ಕೆ ತಳ್ಳುತ್ತಾನೆ. ಆಮೇಲೆ ಗೆಜ್ಜೆಯ ಸದ್ದು. ಹೋರಿ ಇನ್ನೂ ಕಂಡಿಲ್ಲ. ಆದರೆ ಜನ ಎರಡು ಹೋಳಾಗುತ್ತಿರುವುದು ಕಾಣುತ್ತದೆ.

ಗಮನಿಸಿ: ಹೆದರಿಕೆ ಹುಟ್ಟಿದ್ದು ಹೋರಿಯ ಕೋಡನ್ನು ನೋಡಿ ಅಲ್ಲ, ತಂದೆ ಮಗುವನ್ನು ಹಿಂದಕ್ಕೆ ತಳ್ಳಿದ್ದನ್ನು ನೋಡಿ. ಈ ಆಟದಲ್ಲಿ ಪ್ರಾಣ ಹೋದದ್ದಿದೆ ಎಂದು ಆ ತಂದೆಗೆ ಗೊತ್ತು. "ಭಯಂಕರ", "ಭೀಕರ", "ರೌದ್ರಾವತಾರ" ಎಂಬ ಮಾತುಗಳನ್ನು ಹತ್ತು ಸಲ ಬರೆದರೂ ಆ ಒಂದು ಕೈ ಮಾಡಿದ ಕೆಲಸ ಆಗುವುದಿಲ್ಲ. ಅಲ್ಲದೆ, ಹೊತ್ತು ಹತ್ತಿರ ಬಂದಂತೆ ವಾಕ್ಯಗಳು ಚಿಕ್ಕವಾಗಲಿ. ಓಡುವವನು ಉದ್ದುದ್ದ ಮಾತಾಡುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕುತೂಹಲ ಬೆಳೆಸುವುದೆಂದರೆ ಸುಮ್ಮನೆ ತಡ ಮಾಡುವುದಲ್ಲ. ಮೋಡ ಕವಿಯಿತು, ಗುಡುಗು ಗುಡುಗಿತು, ಗೂಬೆ ಕೂಗಿತು ಎಂದು ಅರ್ಧ ಪುಟ ತುಂಬಿಸುವವರಿದ್ದಾರೆ. ಮಳೆಗಾಲದಲ್ಲಿ ಗುಡುಗದೆ ಏನಾಗುತ್ತದೆ? ಏಟಿಗೆ ಮುಂಚಿನ ಪ್ರತಿಯೊಂದು ಸಾಲೂ ಒಂದು ಬಾಗಿಲನ್ನು ತೆರೆಯಬೇಕು ಇಲ್ಲವೇ ಮುಚ್ಚಬೇಕು. ಎರಡೂ ಮಾಡದ ಸಾಲನ್ನು ಹೊಡೆದುಹಾಕಿ.

ಹಳೆಯ ಕಾವ್ಯ, ಹೋರಿ ಹಬ್ಬ ಸರಿ, ಇಂದಿನ ಬದುಕಿಗೆ ಇದು ಹೊಂದುತ್ತದೆಯೇ ಎಂದು ಕೇಳಬಹುದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಮೆಣಸಿನಕಾಯಿ ದರ ಕುಸಿಯಿತೆಂದು ರೈತರ ಸಿಟ್ಟು ಸಿಡಿಯಿತು. ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟವು. ಮರುದಿನದ ಪತ್ರಿಕೆಗಳು ಬೆಂಕಿಯಿಂದ ಸುದ್ದಿ ಆರಂಭಿಸಿದವು. ಸುದ್ದಿಗೆ ಅದೇ ಸರಿ.

ಆದರೆ ನೀವು ಕಥೆ ಬರೆಯುವುದಾದರೆ ಬೆಂಕಿ ನಿಮ್ಮ ಕೊನೆಯ ಪುಟ. ಮೊದಲ ಪುಟದಲ್ಲಿ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ರಾತ್ರಿಯೆಲ್ಲ ಲಾರಿಯಲ್ಲಿ ಚೀಲಗಳ ಮೇಲೆ ಕುಳಿತು ಬಂದಿದ್ದಾನೆ. ಯಾರ ಬಳಿ ಸಾಲ ಮಾಡಿದ್ದಾನೆ? ಮನೆ ಬಿಡುವಾಗ ಮಗಳು ಏನು ತರಲು ಹೇಳಿದ್ದಳು? ದರ ಗೊತ್ತಾಗುವವರೆಗೆ ಚಹಾ ಅಂಗಡಿಯಲ್ಲಿ ಎಷ್ಟು ಸಲ ಎದ್ದು ಕೂತ? ದರ ತಿಳಿದ ಗಳಿಗೆ ಅವನ ಕೈ ಎಲ್ಲಿತ್ತು? ಅವನು ಕೆಟ್ಟವನಲ್ಲ. ಅವನ ಸಿಟ್ಟಿಗೆ ಎದುರಾದ ಕಚೇರಿಯ ಗುಮಾಸ್ತನೂ ಕೆಟ್ಟವನಲ್ಲ. ಅವನೂ ಡಬ್ಬಿ ಕಟ್ಟಿಸಿಕೊಂಡು ಮನೆಯಿಂದ ಬಂದವನು. ಇಬ್ಬರನ್ನೂ ಓದುಗ ಬಲ್ಲವನಾದರೆ, ಮೊದಲ ಕಲ್ಲು ಎತ್ತುವ ಮುಂಚೆಯೇ ಅವನಿಗೆ ಸಂಕಟವಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಹೊಡೆದಾಟದ ಕಥೆಗೂ ಬಣ್ಣ ಮೊದಲು ಬಿಡಬೇಕು.

ನಿಜವಾಗಿ ಬದುಕಿದ್ದವರ ಬಗ್ಗೆ ಬರೆಯುವಾಗ ಮಾತ್ರ ಕೈ ಬಿಗಿಯಿರಲಿ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರಕಾರದ ಕಂದಾಯದ ಹಣ ಇಟ್ಟಿದ್ದ ಜಾಗದ ಮೇಲೆ ದಾಳಿ ಮಾಡಿದಾಗ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಅವರೊಂದಿಗೆ ಹುತಾತ್ಮರಾದರು. ಪ್ರತಿವರ್ಷ ಶಾಲೆಗಳಿಂದ ಈ ಪ್ರಸಂಗದ ಮೇಲೆ ಬರಹಗಳು ಬರುತ್ತವೆ. ಎಲ್ಲವೂ ಗುಂಡಿನ ಸದ್ದಿನಿಂದ ಶುರು. ಹಿಂದಿನ ರಾತ್ರಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅವರ ಬಾಯಿಗೆ ನಾವು ಮಾತು ತುರುಕುವುದು ಬೇಡ. ಮಾರ್ಚ್ ಕೊನೆಯ ಬಿಸಿಲು, ವರದಾ ನದಿಯ ಸೀಮೆಯ ಕತ್ತಲು ದಾರಿ, ಮನೆಗೆ ಮರಳಬಹುದು ಅಥವಾ ಮರಳದಿರಬಹುದು ಎಂದು ಗೊತ್ತಿದ್ದೂ ನಡೆದ ಕಾಲುಗಳು. ಇಷ್ಟು ಸಾಕು. ಕೊನೆ ಎಲ್ಲರಿಗೂ ಗೊತ್ತು. ಆದರೂ ಓದುಗನ ಗಂಟಲು ಕಟ್ಟುತ್ತದೆ.

ಈಗ ಆ ನೋಟುಬುಕ್ಕಿಗೆ ಮರಳೋಣ. ಹನ್ನೊಂದು ಕಥೆಗಳಲ್ಲಿ ಒಂದನ್ನು ನಾನು ಆರಿಸಿದೆ. ರಾಣೆಬೆನ್ನೂರಿನ ಹತ್ತಿರದ ಒಂದು ಹೊಲ. ಅಣ್ಣ ಬದುವನ್ನು ಒಂದು ಗೇಣು ಒಳಗೆ ಸರಿಸುತ್ತಾನೆ. ತಮ್ಮ ಓಡಿ ಬಂದು ಅಂಗಿ ಹಿಡಿಯುತ್ತಾನೆ. ಅಣ್ಣ ಗುದ್ದಲಿ ಬೀಸುತ್ತಾನೆ. ನಾಲ್ಕನೆಯ ಸಾಲಿಗೇ ರಕ್ತ. ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಅಂಚಿನಲ್ಲಿ ನಾಲ್ಕು ಪ್ರಶ್ನೆ ಬರೆದು ವಾಪಸು ಕಳಿಸಿದೆ. ಇವರ ಅವ್ವ ಇದ್ದಾಳೆಯೇ? ಅಂದು ಬೆಳಿಗ್ಗೆ ಇಬ್ಬರೂ ಏನು ಉಂಡರು? ಗುದ್ದಲಿ ಯಾರದು? ಜಗಳ ಬಿಡಿಸಬಹುದಾಗಿದ್ದವರು ಆ ಹೊತ್ತಿಗೆ ಎಲ್ಲಿದ್ದರು?

ಎರಡು ತಿಂಗಳಾದ ಮೇಲೆ ಕಥೆ ಮತ್ತೆ ಬಂತು. ನಾಲ್ಕು ಸಾಲು ಆರು ಪುಟವಾಗಿತ್ತು. ಗುದ್ದಲಿ ಸತ್ತುಹೋದ ಅಪ್ಪನದು. ಕಾವು ಅವನೇ ಕೆತ್ತಿದ್ದು. ಮನೆ ಎರಡಾಗಿದ್ದರೂ ಅವ್ವ ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಬುತ್ತಿ ಕಟ್ಟುತ್ತಾಳೆ. ಬುದ್ಧಿ ಹೇಳಬಲ್ಲ ಸೋದರಮಾವ ಅಂದು ಬೀಜ ತರಲು ರಾಣೆಬೆನ್ನೂರಿಗೆ ಹೋಗಿದ್ದಾನೆ. ಸಂಜೆಯ ಬಸ್ಸಿಗೆ ಬರುತ್ತಾನೆ. ತಮ್ಮ ಬುತ್ತಿ ಹಿಡಿದು ಬದುವಿನ ಹತ್ತಿರ ಬಂದು, "ಅಣ್ಣಾ, ಊಟ ಮಾಡೂಣು ಬಾ" ಎನ್ನುತ್ತಾನೆ. ಅಣ್ಣ ತಲೆ ಎತ್ತದೆ "ನನಗ ಹಸಿವಿಲ್ಲ" ಎನ್ನುತ್ತಾನೆ. ಆ ಹೊಲದಲ್ಲಿ ಅವನು ಆ ಮಾತು ಹೇಳಿದ್ದು ಅದೇ ಮೊದಲು. ತಮ್ಮ ನೆಲ ನೋಡುತ್ತಾನೆ. ಬದು ಸರಿದದ್ದು ಆಗ ಕಾಣುತ್ತದೆ.

ಹೊಡೆದಾಟ ಮೂರೇ ಸಾಲು. ಆಮೇಲೆ ಬಿಚ್ಚಿ ಬಿದ್ದ ಬುತ್ತಿ, ಮಣ್ಣಾದ ರೊಟ್ಟಿ. ದೂರದ ರಸ್ತೆಯಲ್ಲಿ ಸಂಜೆಯ ಬಸ್ಸು. ಅಷ್ಟಕ್ಕೇ ಕಥೆ ನಿಲ್ಲಿಸಿದ್ದ. ನನಗೆ ಈ ಸಲ ಆಕಳಿಕೆ ಬರಲಿಲ್ಲ.

ಹುಡುಗನ ತಾಯಿಗೆ ಫೋನು ಮಾಡಿದೆ. ಚಲೋ ಬರೆದಿದ್ದಾನೆ, ಬಿಡಿಸಬೇಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಮ್ಮ ಮನಿಯವರು, ಅವರ ತಮ್ಮ ಹೊಲ ಹಂಚಿಕೊಂಡಾಗಿಂದ ಮಾತಾಡಿಲ್ರಿ ಸರ. ಹುಡುಗಗ ನಾವು ಏನೂ ಹೇಳಿಲ್ಲ." ನಾನು ಏನು ಹೇಳಲಿ? "ಈ ಕಥಿ ಅವರಪ್ಪಗ ಓದಿ ಹೇಳಿದ್ನಿರಿ. ಏನೂ ಅನ್ನಲಿಲ್ಲ. ಬುತ್ತಿ ಮಾತು ಬಂದಾಗ ಮಾತ್ರ, ಅದನ್ನ ಇನ್ನೊಮ್ಮೆ ಓದು ಅಂದ್ರು."

ಮುಂದೇನಾಯಿತೋ ನಾನು ಕೇಳಲಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇಷ್ಟನ್ನು ಬರೆದಿದ್ದೇನೆ.

ಪಾಲಕರೇ, ಮಗ ಹೊಡೆದಾಟ ಬರೆಯುತ್ತಾನೆಂದು ನೋಟುಬುಕ್ಕು ಹರಿಯಬೇಡಿ. ಎಲ್ಲಿಂದ ಬಂತು ಎಂದು ನೋಡಿ, ಸಿನಿಮಾದಿಂದಲೇ ಬಂದಿರಬೇಕೆಂದಿಲ್ಲ. ಏಟಿಗೆ ಮುಂಚಿನ ಹತ್ತು ನಿಮಿಷ ಬರೆಯಲು ಅವನಿಗೆ ಹೇಳಿ. ಅದನ್ನು ಬರೆಯಬೇಕಾದರೆ ಜಗಳ ಎಲ್ಲೆಲ್ಲಿ ನಿಲ್ಲಬಹುದಿತ್ತು ಎಂದು ಹುಡುಕಬೇಕಾಗುತ್ತದೆ. ಹಾಗೆ ಹುಡುಕಿ ರೂಢಿಯಾದ ಹುಡುಗನಿಗೆ ನಿಜವಾದ ಜಗಳದಲ್ಲೂ ಆ ಜಾಗಗಳು ಕಂಡಾವು.

ವಿದ್ಯಾರ್ಥಿಗಳೇ, ಈ ವಾರದ ಕೆಲಸ ಇದು. ನಿಮಗೆ ಗೊತ್ತಿರುವ ಒಂದು ಜಗಳ ಆರಿಸಿಕೊಳ್ಳಿ. ಮನೆಯದಾಗಲಿ, ಆಟದ ಬಯಲಿನದಾಗಲಿ. ಒಂದು ಪುಟ ಬರೆಯಿರಿ. ಯಾರೂ ಯಾರನ್ನೂ ಮುಟ್ಟಕೂಡದು. ಇಬ್ಬರ ಪೈಕಿ ಒಬ್ಬನಿಗಾದರೂ ಅದನ್ನು ನಿಲ್ಲಿಸುವ ಅವಕಾಶ ಒಮ್ಮೆ ಬಂದು ಹೋಗಬೇಕು. ಕೊನೆಯ ಸಾಲಿನಲ್ಲಿ ಕೈ ಎತ್ತಲಿ. ಅಲ್ಲಿಗೆ ನಿಲ್ಲಿಸಿ, ಪಕ್ಕದವರಿಗೆ ಓದಲು ಕೊಡಿ. "ಆಮ್ಯಾಲೇನಾತು?" ಎಂದು ಅವರು ಕೇಳಿದರೆ ನೀವು ಪಾಸು. "ಬ್ಯಾಡಾಗಿತ್ತು" ಎಂದರೆ, ಮೊದಲ ದರ್ಜೆ.